ಮೂರನೇ ಕೂಗು

“ಅವ್ನ ಕಿವಿ ಓಗ್ಬುಟ್ಟದೆ ಕಣ್ರಿ! ಬೆಳಿಗ್ಗೆ ಗಂಟ್ಲು ಅರಿಯೋ ಅಂಗೆ ಎರಡ್ಸಲ ಕೂಗ್ದೆ, ತಿರುಗೂ ನೋಡ್ನಿಲ್ಲ. ಇವ್ನ ಆಟೋಲಿ ಕುಂತ್ರೆ ಲಾರಿ ಆರ್ನ್ ಯಾರಿಗ್ ಕೇಳ್ಬೇಕು, ಯಮನಿಗಾ?”

ಪುಟ್ಟಗೌರಮ್ಮ ಹೊನ್ನೂರಿನ ಬಸ್‌ಸ್ಟಾಪಿನಲ್ಲಿ ಊರಿಗೆಲ್ಲ ಕೇಳಿಸುವಂತೆ ಹೇಳಿದಳು. ಕೇಳಿಸಬೇಕಾದವರೂ ಅಲ್ಲೇ ಇದ್ದರು, ಆಟೋದ ಮಾಲೀಕ ಸಿದ್ದಮಲ್ಲಪ್ಪ. ಅವರು ಡ್ರೈವರ್ ಶಾಂತರಾಜುವಿನ ಮುಂದೆ ಕೈ ಚಾಚಿದರು.

“ಕೀ ಕೊಡ್ಲಾ.”

ಶಾಂತರಾಜುವಿನ ಕಿವಿ ಮೊಲದ ಕಿವಿಯಷ್ಟು ಚುರುಕು. ಆದರೆ ಹೋದ ತಿಂಗಳು ಒಂದು ಉರಿ ಮಧ್ಯಾಹ್ನ, ಖಾಲಿ ಆಟೋದಲ್ಲಿ ಕಬ್ಬಿನ ಗದ್ದೆ ಪಕ್ಕ ಬರುವಾಗ ಯಾರೋ ಹೆಸರು ಹಿಡಿದು ಕರೆದಿದ್ದರು. ತಿರುಗಿದರೆ ಕಬ್ಬಿನ ಗರಿ ಕೂಡ ಅಲ್ಲಾಡುತ್ತಿರಲಿಲ್ಲ. ಅಂಥದಕ್ಕೆ ಓಗೊಟ್ಟರೆ ಜೊತೆಗೇ ಬಂದುಬಿಡುತ್ತದೆ ಎಂದು ಊರಿನವರೆಲ್ಲರ ಹಾಗೆ ಅವ್ವನೂ ಹೇಳಿಕೊಟ್ಟಿದ್ದಳು. ಅದು ಒಂದೆರಡು ಸಲವಷ್ಟೇ ಕರೆಯಬಲ್ಲದು, ಮೂರನೇ ಸಲ ಕೂಗಿದರೆ ಮನುಷ್ಯರೇ ಸರಿ. ಅಂದಿನಿಂದ ಅವನು ಹೆಂಡತಿ ಪ್ರೇಮಾ ಊಟಕ್ಕೆ ಕರೆದರೂ ಮೂರನೇ ಕೂಗಿಗೇ ಏಳುತ್ತಿದ್ದ.

ನಿಜ ಹೇಳೋಣವೆಂದರೆ, ದೆವ್ವದ ಕೂಗು ಕೇಳಿಸುವವನ ಆಟೋ ಯಾರು ಹತ್ತುತ್ತಾರೆ? ಬಾಯಿ ಮುಚ್ಚಿಕೊಂಡಿದ್ದರೆ ಕಿವುಡನೆಂದು ಕೀ ಹೋಗುತ್ತದೆ.

“ಮಿಷನ್‌ಲಿ ನೋಡ್ಸಿ ಅಣ್ಣೋರೆ,” ಎಂದ. “ಕಿವಿ ಚೆನ್ನಾಗದೆ ಅಂತ ಬರ್ನಿಲ್ಲ ಅಂದ್ರೆ ಮತ್ತೆ ಕೀ ಮುಟ್ಟಲ್ಲ.”

ಸಿದ್ದಮಲ್ಲಪ್ಪನವರೇ ಆಟೋ ಓಡಿಸಿಕೊಂಡು ಕೊಳ್ಳೇಗಾಲದ ಕಿವಿ ಡಾಕ್ಟರ ಹತ್ತಿರ ಕರೆದೊಯ್ದರು. ಯಾರೂ ಕರೆಯದಿದ್ದರೂ ಪುಟ್ಟಗೌರಮ್ಮ ಸಾಕ್ಷಿಗೆಂದು ಹತ್ತಿದ್ದಳು.

ಟೆಸ್ಟು ಮಾಡುವ ಭವ್ಯ ಅವನ ಹಣೆಗೂ ಕಿವಿಯ ಹಿಂದಕ್ಕೂ ತಣ್ಣನೆಯ ಅಂಟು ಬಳಿದು ವೈರು ಕೂರಿಸಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿದಳು. ಶಾಂತರಾಜು ಗಣೇಶನ ಪೆಂಡಾಲಿನ ಹಾಗೆ ಕಂಡ.

“ನೀವೇನೂ ಹೇಳೋದು ಬೇಡ. ಸದ್ದು ಕೇಳಿದ್ರೆ ಕಿವಿಯಲ್ಲಿ ಸಣ್ಣ ಕರೆಂಟ್ ಹುಟ್ಟುತ್ತೆ, ಮಿಷನ್ ಅದನ್ನ ಬರ್ಕೊಳ್ಳುತ್ತೆ. ಕಣ್ಮುಚ್ಚಿ ಮಲಗಿ.”

“ನಾನ್ ಸುಳ್ಳೇಳುದ್ರೆ?”

“ನಿಮ್ಮ ಕಿವಿ ಸುಳ್ಳು ಹೇಳಲ್ಲ.”

“ನಮ್ಮನೆಯವ್ರಿಗೂ ಒಂದ್ಸಲ ಅಂಟ್ಸವ್ವ,” ಎಂದಳು ಪುಟ್ಟಗೌರಮ್ಮ. ಭವ್ಯ ಅವಳನ್ನು ಹೊರಗೆ ಕಳಿಸಿ ದಪ್ಪ ಬಾಗಿಲು ಮುಚ್ಚಿದಳು.

ಬೀದಿಯ ಗದ್ದಲವೆಲ್ಲ ಕತ್ತರಿಸಿದಂತೆ ನಿಂತಿತು. ಕಿವಿಯೊಳಗೆ ಟಿಕ್ ಟಿಕ್ ಶುರುವಾಯಿತು. ತುಂಬ ಹೊತ್ತಾದ ಮೇಲೆ ಅದೂ ನಿಂತಿತು.

‘ಶಾಂತರಾಜೂ...’

ಒಣ ಗರಿಗೆ ಗರಿ ಉಜ್ಜಿದಂಥ ದನಿ. ಅವನು ಉಸಿರು ಬಿಗಿಹಿಡಿದ.

‘ಶಾಂತರಾಜೂ...’ ಈ ಸಲ ದಿಂಬಿನ ಹತ್ತಿರದಿಂದ. ಅಂಟಿನ ಮೇಲೆ ಬೆವರು ಹರಿಯಿತು.

‘ಶಾಂತರಾಜೂ...’

ಮೂರು! ಅಬ್ಬ, ಮನುಷ್ಯರೇ! ಹೋದ ಜೀವ ಬಂದಂತಾಗಿ, “ಓ, ಬಂದೇ!” ಎಂದು ಖುಷಿಯಿಂದ ಕೂಗಿ ಎದ್ದು ಕೂತ.

ಭವ್ಯ ಪರದೆಯಿಂದ ಕಣ್ಣು ಕೀಳಲಿಲ್ಲ. “ಯಾರಿಗೆ ಬಂದೆ ಅಂದ್ರಿ?”

“ನೀವ್ ತಾನೆ ಕರುದ್ದು?”

“ನಾನು ಬಾಯೇ ಬಿಟ್ಟಿಲ್ಲ. ಮಿಷನ್ನಿನ ಸದ್ದೂ ನಿಲ್ಲಿಸಿದ್ದೆ.” ಅವಳು ಬೆರಳಿಟ್ಟು ತೋರಿಸಿದಳು. ನೆಟ್ಟಗೆ ಮಲಗಿದ್ದ ಗೆರೆಯಲ್ಲಿ ಮೂರು ಗುಡ್ಡ ಎದ್ದಿದ್ದವು. “ಆದ್ರೂ ನಿಮ್ಮ ಕಿವಿಗೆ ಏನೋ ಕೇಳಿಸಿದೆ.”

ಬಾಗಿಲು ಆಗಲೇ ಒಂದು ಗೇಣು ತೆರೆದಿತ್ತು. ಅಲ್ಲಿ ಪುಟ್ಟಗೌರಮ್ಮನ ಮುಖ.

“ಅಯ್ಯೋ ಸಿವ್ನೆ! ಅದು ಮೂರ್ರ ಗಂಟ ಎಣ್ಸೋದ್ ಕಲ್ತ್ಬುಟ್ಟದೆ! ಈ ಮಂಕ ಓಗೊಟ್ಟೂ ಬುಟ್ಟ!”

ರಿಪೋರ್ಟು ಕೈಗೆ ಬರುವ ಮುಂಚೆಯೇ ಅವಳು ಹೊರಗಿದ್ದ ಸಿದ್ದಮಲ್ಲಪ್ಪನವರಿಗೆ ಎಲ್ಲ ಒದರಿ, ಬಸ್‌ಸ್ಟ್ಯಾಂಡಿನ ಕಡೆ ಓಡಿದ್ದಳು. ಹೊನ್ನೂರಿಗೆ ಸುದ್ದಿ ಅವಳಿಗಿಂತ ಮುಂಚೆ ಮುಟ್ಟುವುದರಲ್ಲಿ ಅನುಮಾನವಿರಲಿಲ್ಲ, ಫೋನು ಅವಳ ಕಿವಿಯಲ್ಲೇ ಇತ್ತು.

“ಕಿವಿ ಚೆನ್ನಾಗದೆ ಅಂತ ಬಂದದೆ ಅಣ್ಣೋರೆ. ಕೀ?” ಶಾಂತರಾಜು ಕೈ ಚಾಚಿದ.

ಸಿದ್ದಮಲ್ಲಪ್ಪ ಕೀಯನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ತಳ್ಳಿದರು. “ಕಿವುಡ ಆಗಿದ್ರೆ ಇನ್ನೊಂದ್ ಕನ್ನಡಿ ಆಕ್ಸಿ ಓಡ್ಸು ಅನ್ಬೋದಿತ್ತು ಕಣ್ಲಾ. ಇಷ್ಟು ಚೆನ್ನಾಗಿ ಕೇಳ್ಸೋನ್ಗೆ ಎಂಗ್ಲಾ ಆಟೋ ಕೊಡ್ಲಿ?”

“ಊರಿಗೆ ಎಂಗ್ ಓಗ್ಲಿ?”

“ಇಂದ್ಗಡೆ ಕುಂತ್ಕೊ. ಮಾತಾಡ್ಬೇಡ.”

ಅವರು ಶಿವಶಿವಾ ಎನ್ನುತ್ತ ಸ್ಟಾರ್ಟು ಮಾಡಿದರು. ಶಾಂತರಾಜು ಸೀಟಿನ ನಡುವೆ ಕೂತ. ಒಂದು ಗಳಿಗೆ ಯೋಚಿಸಿದ. ಆಮೇಲೆ ಮೆಲ್ಲಗೆ ಅಂಚಿಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟ.