ಷಡ್ಡಕನ ಊರಲ್ಲಿ ಮೂರು ರೌಂಡು

"ಆ ಬಾಲರಾಜುವಿನ ಹೊಟ್ಟೆ ಉರಿಸದಿದ್ದರೆ ನನ್ನ ಹೆಸರು ಕೆಂಪರಾಜುವೇ ಅಲ್ಲ!"

ಚನ್ನಪಟ್ಟಣದ ಕಲ್ಯಾಣ ಮಂಟಪವೊಂದರ ಮಾಲೀಕ ಕೆಂಪರಾಜು ಈ ಭೀಷಣ ಪ್ರತಿಜ್ಞೆ ಮಾಡಿದ್ದು ಬಚ್ಚಲುಮನೆಯ ಕನ್ನಡಿಯ ಮುಂದೆ, ಮುಖದ ತುಂಬ ನೊರೆ ಮೆತ್ತಿಕೊಂಡು. ಹಾಗಾಗಿ ಕೇಳಿಸಿಕೊಂಡವಳು ಹೆಂಡತಿ ರಾಧಾಮಣಿ ಒಬ್ಬಳೇ.

"ಮೊದ್ಲು ಗಡ್ಡ ಕೆರ್ಕಳಿ. ಹೊಟ್ಟೆ ಆಮೇಕ್ ಉರಿಸೋರಂತೆ," ಅಂದು ಅವಳು ಒಲೆಯ ಮೇಲಿನ ಹಾಲು ನೋಡಲು ಹೋದಳು.

ಬಾಲರಾಜು ಬೇರೆ ಯಾರೂ ಅಲ್ಲ, ಕೆಂಪರಾಜುವಿನ ಷಡ್ಡಕ. ರಾಧಾಮಣಿಯ ಅಕ್ಕ ಚಂದ್ರಮಣಿಯ ಗಂಡ. ಕನಕಪುರದಾಚೆ ದೊಡ್ಡಆಲಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳ ಸಾಕಿಕೊಂಡು ತನ್ನ ಪಾಡಿಗೆ ತಾನಿದ್ದವನು. ಇಬ್ಬರ ನಡುವೆ ಮಾತು ನಿಂತು ನಾಲ್ಕು ವರ್ಷವಾಗಿತ್ತು. ಕಾರಣ ಸಣ್ಣದಲ್ಲ! ಬಾಮೈದನ ಮದುವೆಯ ಬೀಗರೂಟದಲ್ಲಿ, ದೊಡ್ಡ ಅಳಿಯ ಅಂತ ಬಾಲರಾಜುವಿನ ತಲೆಗೆ ಮೈಸೂರು ಪೇಟ ಇಟ್ಟರು. ಚಿಕ್ಕ ಅಳಿಯ ಕೆಂಪರಾಜುವಿನ ಹೆಗಲಿಗೆ ಟವೆಲ್ ಹಾಕಿದರು. ಅದೂ ಒಂದು ಸಲ ಒಗೆದ ಮೇಲೆ ಕರ್ಚೀಫಿನಷ್ಟಾದ ಟವೆಲ್! ಅವತ್ತಿನಿಂದ ಕೆಂಪರಾಜು ದೊಡ್ಡಆಲಹಳ್ಳಿ ಇರುವ ದಿಕ್ಕಿಗೆ ತಲೆ ಹಾಕಿ ಮಲಗಿದವನೂ ಅಲ್ಲ. ಪಾಪ, ಅಕ್ಕತಂಗಿಯರು ಫೋನಿನಲ್ಲೇ ಮುಖ ನೋಡಿಕೊಂಡು ತೃಪ್ತಿಪಡಬೇಕಾಗಿತ್ತು.

ಈಗ ಸೇಡಿನ ಕಾಲ ಕೂಡಿ ಬಂದಿತ್ತು. ಮಂಟಪದ ಮುಂದೆ ಹೊಚ್ಚಹೊಸ ಎಲೆಕ್ಟ್ರಿಕ್ ಕಾರು ನಿಂತಿತ್ತು. ಮುತ್ತಿನ ಬಣ್ಣ, ಕೆನೆಬಣ್ಣದ ಚರ್ಮದ ಸೀಟು, ಯಜಮಾನ ಹತ್ತಿರ ಹೋದರೆ ಬಾಗಿಲ ಹಿಡಿ ತಾನಾಗಿಯೇ ಹೊರಬಂದು ನಮಸ್ಕಾರ ಮಾಡುವಂಥ ಕಾರು. ಒಂದು ಸಲ ಚಾರ್ಜ್ ಮಾಡಿದರೆ ಐನೂರೈವತ್ತು ಕಿಲೋಮೀಟರ್ ಓಡುತ್ತದೆ; ನಿಂತ ಜಾಗದಿಂದ ನೂರರ ವೇಗಕ್ಕೆ ನಾಲ್ಕೇ ಸೆಕೆಂಡಿನಲ್ಲಿ ಹಾರುತ್ತದೆ ಎಂದು ಶೋರೂಮಿನವರು ಹೇಳಿದ್ದರು. ಎರಡನೆಯದನ್ನು ಮಾಡುತ್ತ ಹೋದರೆ ಮೊದಲನೆಯದು ನಡೆಯುವುದಿಲ್ಲ ಎಂದು ಹೇಳಿರಲಿಲ್ಲ. ಅಥವಾ ಹೇಳಿದ್ದರೋ ಏನೋ, ಆಗ ಕೆಂಪರಾಜು ಸೀಟು ಸವರುತ್ತಿದ್ದ.

ಯೋಜನೆ ಸರಳವಾಗಿತ್ತು. ಭಾನುವಾರ ಕಬ್ಬಾಳಮ್ಮನ ಸನ್ನಿಧಿಯಲ್ಲಿ ಕಾರಿಗೆ ಪೂಜೆ. ಅಲ್ಲಿಂದ ಕನಕಪುರದ ಮೇಲೆ ದೊಡ್ಡಆಲಹಳ್ಳಿ. ಷಡ್ಡಕನ ಮನೆ ಮುಂದೆ ಭರ್ ಅಂತ (ಛೆ, ಈ ಕಾರಿಗೆ ಸದ್ದೇ ಇಲ್ಲವಲ್ಲ!) ಸುಯ್ ಅಂತ ಒಂದು ರೌಂಡು. ಇಳಿಯುವುದಿಲ್ಲ, ಮಾತಾಡುವುದಿಲ್ಲ. ಅವನು ನೋಡಬೇಕು, ಇವನು ಹೋಗಬೇಕು!

"ಅಕ್ಕನ್ ಮನೆ ಬಾಗಿಲ್ಗಂಟ ಹೋಗಿ ಇಳಿಯಾದಿಲ್ವಾ?" ರಾಧಾಮಣಿ ಕೇಳಿದಳು.

"ಒಳಗಿಂದ್ಲೇ ಕೈ ಬೀಸು. ಗಾಜ್ ಮಾತ್ರ ಇಳಿಸ್ಬೇಡ. ಗಾಳಿ ನುಗ್ಗುದ್ರೆ ರೇಂಜ್ ಕಮ್ಮಿಯಾಯ್ತದೆ."

ರೇಂಜು ಆಗಲೇ ಕಮ್ಮಿಯಾಗಿತ್ತು. ಹಿಂದಿನ ದಿನ ಗೆಳೆಯರನ್ನೆಲ್ಲ ಕಾರಿಗೆ ತುಂಬಿಕೊಂಡು ಮಾಗಡಿ ಕಡೆ ಸಾವನದುರ್ಗಕ್ಕೆ ಹೋಗಿ ಬಂದಿದ್ದ. ಖಾಲಿ ರಸ್ತೆ ಕಂಡಲ್ಲೆಲ್ಲ ಆ ನಾಲ್ಕು ಸೆಕೆಂಡಿನ ಪ್ರದರ್ಶನ ನಡೆದಿತ್ತು. ಗೆಳೆಯರು ಸೀಟಿಗೆ ಅಂಟಿಕೊಂಡು "ಅಮ್ಮಮ್ಮಾ!" ಎಂದು ಕೂಗಿದಷ್ಟೂ ಕೆಂಪರಾಜುವಿನ ಪಾದ ಒತ್ತಿತ್ತು. ಬಂದವನು, ಮಂಟಪದಲ್ಲಿ ಯಾರದೋ ಮದುವೆ ರಿಸೆಪ್ಷನ್ನಿನ ಲೈಟು ಹಾಕಿಸುವ ಗಲಾಟೆಯಲ್ಲಿ, ಕಾರನ್ನು ಚಾರ್ಜಿಗೆ ಹಾಕಿರಲಿಲ್ಲ. ಬೆಳಗ್ಗೆ ಹೊರಡುವಾಗ ಅರ್ಧಕ್ಕಿಂತ ಒಸಿ ಕಮ್ಮಿಯೇ ಇತ್ತು.

"ಅರ್ಧ ಅಂದ್ರೆ ಎಷ್ಟಾಯ್ತು? ಕಾಶಿಗೇನ್ ಹೋಗ್ತಿದೀವಾ?" ಎಂದು ಕೆಂಪರಾಜು ಹೊರಟೇಬಿಟ್ಟ. ಹಿಂದಿನ ಸೀಟಿನಲ್ಲಿ ಅತ್ತೆ ಬೋರಮ್ಮ ಕಾಲು ಮಡಚಿಕೊಂಡು ಕೂತರು. ಮಗಳ ಮನೆಗೆ ಹತ್ತು ದಿನ ಇದ್ದು ಹೋಗಲು ಬಂದಿದ್ದವರು, ದೊಡ್ಡ ಮಗಳ ಊರಿನ ಹೆಸರು ಕೇಳಿದ್ದೇ ತಡ, ಎಲೆಅಡಿಕೆ ಚೀಲದ ಸಮೇತ ತಯಾರಾಗಿದ್ದರು.

ಪೂಜೆ ಜೋರಾಯಿತು. ಕಾರಿಗೆ ಹಾರ, ನಿಂಬೆಹಣ್ಣು, ಕುಂಕುಮ. ಸಾತನೂರಿನಲ್ಲಿ ಒಂದು ಬಸ್ಸನ್ನು ಹಿಂದೆ ಹಾಕುವಾಗ ಮತ್ತೆ ಪ್ರದರ್ಶನ ನಡೆದು ಬೋರಮ್ಮನ ಬಾಯಲ್ಲಿದ್ದ ಅಡಿಕೆ ಗಂಟಲಿಗೆ ಹೋಯಿತು. ಕನಕಪುರ ತಲುಪುವ ಹೊತ್ತಿಗೆ ಪರದೆಯ ಮೇಲಿನ ಅಂಕಿ ಬಿಸಿಲಿಗಿಟ್ಟ ಐಸ್‌ಕ್ಯಾಂಡಿಯಂತೆ ಕರಗುತ್ತಿತ್ತು. ಅಲ್ಲೊಂದು ಚಾರ್ಜಿಂಗ್ ಪಾಯಿಂಟ್ ಇತ್ತು, ಅದರ ಮುಂದೆ ಆಗಲೇ ಇಬ್ಬರು ಕಾಯುತ್ತಿದ್ದರು.

"ನಾವೂ ನಿಂತ್ಕಳಾಣ," ಅಂದಳು ರಾಧಾಮಣಿ.

"ಇಂಥ ಕಾರಿಟ್ಕಂಡು ನಾನು ಕ್ಯೂ ನಿಲ್ಲಾದಾ? ಬರುವಾಗ ನೋಡ್ಕಳಾಣ!"

ಮುನ್ನೆಚ್ಚರಿಕೆಯೆಂದು ಏಸಿ ಆರಿಸಿದ. ಹೊರಗೆ ಉರಿಬಿಸಿಲು, ಗಾಜು ಇಳಿಸುವಂತಿಲ್ಲ. ಬೋರಮ್ಮ ಸೆರಗಿನಿಂದ ಬೀಸಿಕೊಳ್ಳುತ್ತ, "ಅಳಿಮಯ್ಯ, ಕಾರೇನೋ ಚೆಂದಾಗೈತೆ. ಇಡ್ಲಿ ಬೇಯ್ಸಾಕೆ ಮಡಗವ್ರಲ್ಲ, ಅಂಗೈತೆ," ಎಂದರು.

ದೊಡ್ಡಆಲಹಳ್ಳಿ ಬಂತು. ಕೆಂಪರಾಜು ಬೆನ್ನು ನೆಟ್ಟಗೆ ಮಾಡಿ, ಕೂಲಿಂಗ್ ಗ್ಲಾಸ್ ಹಾಕಿ ಮೊದಲ ರೌಂಡು ಹೊಡೆದ. ಷಡ್ಡಕನ ಮನೆ ಬಾಗಿಲು ಮುಚ್ಚಿತ್ತು. ಜಗಲಿಯ ಮೇಲೆ ಒಂದು ಕೋಳಿ ಮಾತ್ರ ಇತ್ತು. ಅದಕ್ಕೆ ಹೊಟ್ಟೆ ಉರಿದ ಹಾಗೆ ಕಾಣಲಿಲ್ಲ.

ಊರ ಕೊನೆಯಲ್ಲಿ ತಿರುಗಿಸಿಕೊಂಡು ಎರಡನೆಯ ರೌಂಡು. ಈ ಸಲ ಬಾಲರಾಜು ಎದುರಿಗೇ ಬರುತ್ತಿದ್ದ! ಆದರೆ ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ದೊಡ್ಡ ಹೊರೆ, ಅದು ಮೂಗಿನ ತನಕ ಇಳಿಬಿದ್ದಿತ್ತು. ಕೆಂಪರಾಜು ಹಾರ್ನ್ ಹೊಡೆದ. ಹೊರೆ ರಸ್ತೆಯ ಪಕ್ಕಕ್ಕೆ ಸರಿದು, "ಹೋಗಪ್ಪ, ಹೋಗು," ಎಂದು ದಾರಿ ಬಿಟ್ಟಿತು.

"ನೋಡ್ಲೇ ಇಲ್ಲ ಬಡ್ಡಿಮಗ!"

"ಇನ್ ಸಾಕು ನಡೀರಿ," ಅಂದಳು ರಾಧಾಮಣಿ.

"ಮೂರನೇ ರೌಂಡ್‌ಗೆ ನೋಡ್ಲೇಬೇಕು!" ಎಂದು ಕೆಂಪರಾಜು ತಿರುಗಿಸಿ, ನಾಲ್ಕು ಸೆಕೆಂಡಿನ ಬ್ರಹ್ಮಾಸ್ತ್ರವನ್ನು ಕೊನೆಯ ಸಲ ಪ್ರಯೋಗಿಸಿದ. ಕಾರು ಬಾಣದಂತೆ ಚಿಮ್ಮಿತು. ಚಿಮ್ಮಿದ್ದು ಅಷ್ಟೇ. ಕಣ್ಣೆದುರಿನ ಪರದೆಯಲ್ಲಿ ಹಳದಿ ಬಣ್ಣದ ಒಂದು ಆಮೆ ಮೂಡಿತು. ನಿಜವಾದ ಆಮೆಯ ಚಿತ್ರ! ಇನ್ನು ಮೇಲೆ ಇದೇ ನಿನ್ನ ವೇಗ ಎಂದು ಕಾರು ಮರ್ಯಾದೆಯಿಂದ ತಿಳಿಸುತ್ತಿತ್ತು. ಕೆಂಪರಾಜು ಎಷ್ಟು ಒತ್ತಿದರೂ ಕಾರು ಮದುವಣಗಿತ್ತಿಯ ಹಾಗೆ ಹೆಜ್ಜೆ ಹೆಜ್ಜೆ ಇಡುತ್ತ ಮುಂದೆ ಸರಿಯಿತು. ಜಗಲಿಯಿಂದಿಳಿದ ಕೋಳಿ ಅದನ್ನು ಓವರ್‌ಟೇಕ್ ಮಾಡಿತು.

ಹೀಗೆ ಸರಿಯುತ್ತ, ಸರಿಯುತ್ತ, ಕಾರು ಸರಿಯಾಗಿ ಬಾಲರಾಜುವಿನ ಮನೆ ಮುಂದೆ ಬರುವ ಹೊತ್ತಿಗೆ ಅವನು ಹೊರೆ ಇಳಿಸಿ ಮುಖ ಒರೆಸಿಕೊಳ್ಳುತ್ತಿದ್ದ. ಈಗ ನೋಡಿದ. ಚೆನ್ನಾಗಿಯೇ ನೋಡಿದ.

"ಅರೆರೆ! ಕೆಂಪ್ರಾಜು! ಲೇ ಚಂದ್ರೀ, ಬಾರಮ್ಮಿ ಇಲ್ಲಿ! ನಿನ್ ತಂಗಿ, ನಿಮ್ಮವ್ವ ಎಲ್ಲಾ ಬಂದವ್ರೆ!"

"ಇಲ್ಲ ಅಣ್ಣ, ಹಿಂಗೇ ಈ ಕಡೆ ಹೋಯ್ತಾ ಇದ್ದೊ..." ಎಂದು ಕೆಂಪರಾಜು ಕನ್ನಡಕ ತೆಗೆದ.

"ಎಲ್ಲಿಗೂ ಹೋಯ್ತಿರ್ಲಿಲ್ಲ ಕಣಪ್ಪ," ಬೋರಮ್ಮ ಆಗಲೇ ಕೆಳಗಿಳಿದಿದ್ದರು. "ಇಲ್ಲೇ ಸುತ್ತಿದ್ದೇ ಸುತ್ತಿದ್ದು, ಕರೆಂಟ್ ಮುಗ್ದೋಯ್ತು."

ಅಕ್ಕತಂಗಿ ರಸ್ತೆಯಲ್ಲೇ ತಬ್ಬಿಕೊಂಡರು. ಇಬ್ಬರೂ ಅತ್ತರು, ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು. ಕೆಂಪರಾಜುವಿಗೆ ಎದೆಯಲ್ಲೆಲ್ಲೋ ಒಂದು ಕಡೆ ಚುಳ್ಳೆಂದಿತು. ಅದನ್ನವನು ಬಿಸಿಲಿನ ಲೆಕ್ಕಕ್ಕೆ ಹಾಕಿದ.

ಕಾರಿಗೆ ಬೇಕಾದ ಹದಿನೈದು ಆಂಪ್ಸ್ ಪ್ಲಗ್ಗು ಇದ್ದದ್ದು ಹಿತ್ತಲಿನಲ್ಲಿ ರೇಷ್ಮೆಹುಳ ಸಾಕುವ ಹುಳುವಿನ ಮನೆಯಲ್ಲಿ ಒಂದೇ. ಬಾಲರಾಜು ಮುಂದೆ ಮುಂದೆ ನಡೆದು ದಾರಿ ತೋರಿಸಿದ, ಆಮೆ ಹಿಂದೆ ಹಿಂದೆ ಹೋಯಿತು. ಹುಳುವಿನ ಮನೆಯ ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿದರೆ ಮಾತ್ರ ವೈರು ಮುಟ್ಟುತ್ತಿತ್ತು. ಸಿಕ್ಕಿಸಿದ ಮೇಲೆ ಪರದೆ ಲೆಕ್ಕ ಹಾಕಿ ಹೇಳಿತು: ಪೂರ್ತಿ ತುಂಬಲು ನಾಳೆ ಸಂಜೆಯಾಗಬೇಕು.

"ನಾಳೆ ಸಂಜೇನಾ!" ಕೆಂಪರಾಜು ಕೂಗಿದ.

"ಅಷ್ಟ್ ಬೇಗ್ಲೇ?" ಎಂದು ಚಂದ್ರಮಣಿ ಕೋಳಿಯ ಕಡೆ ನೋಡಿದಳು. ಓವರ್‌ಟೇಕ್ ಮಾಡಿದ ಕೋಳಿಯ ಗತಿ ಅಲ್ಲಿಗೆ ಮುಗಿಯಿತು.

ಸಂಜೆ ಊಟಕ್ಕೆ ಕೂತಾಗ, ಬಿಸಿ ಮುದ್ದೆ, ಕೋಳಿ ಸಾರಿನ ಎದುರು ಕೆಂಪರಾಜುವಿನ ಹಟ ಸಡಿಲಾಯಿತು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿಯೇ ಬಿಡೋಣ ಎಂದುಕೊಂಡ. ಗಂಟಲು ಸರಿಮಾಡಿಕೊಂಡು, "ಅಣ್ಣ, ಆಗಿದ್ದು ಆಗೋಯ್ತು. ನಾನಂತೂ ಮರ್ತ್‌ಬುಟ್ಟಿವ್ನಿ. ನೀವೂ ಮನಸ್ಸಲ್ಲಿ ಮಡೀಕಬೇಡಿ," ಎಂದ.

ಬಾಲರಾಜು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಏನ್ ಆಗಿದ್ದು?"

"ಅದೇ ಅಣ್ಣ... ಬೀಗರೂಟದಲ್ಲಿ... ಟವೆಲ್ಲು..."

"ಟವೆಲ್ ಬೇಕಾ? ಕೇಳಾಕೆ ಯಾಕಪ್ಪ ಸಂಕೋಚ? ಲೇ ಚಂದ್ರೀ! ಕೆಂಪ್ರಾಜುಗೆ ಕೈ ಒರೆಸ್ಕಳಾಕೆ ಟವೆಲ್ ಕೊಡಮ್ಮಿ!"

ಕೆಂಪರಾಜು ಸುಸ್ತಾದ. "ನಾಕ್ ವರ್ಷದಿಂದ ನಾನ್ ಮಾತ್ ಬುಟ್ಟಿದ್ನಲ್ಲ ಅಣ್ಣ, ಗೊತ್ತಾಗ್ಲಿಲ್ವಾ ನಿಮ್ಗೆ?"

"ಮಾತ್ ಬುಟ್ಟಿದ್ದಾ? ಮಂಟಪದ ಕೆಲ್ಸ, ಪುರುಸೊತ್ತಿಲ್ಲ ಅನ್ಕಂಡಿದ್ದೆ ಕಣಪ್ಪ!"

ನಾಲ್ಕು ವರ್ಷದ ಮಹಾಯುದ್ಧದಲ್ಲಿ ಎದುರಾಳಿಯೇ ಇರಲಿಲ್ಲ! ಅಡುಗೆಮನೆಯಿಂದ ಅಕ್ಕತಂಗಿಯರ ಕಿಸಿಕಿಸಿ ನಗು ಕೇಳಿಸಿತು. ಕೆಂಪರಾಜು ಆ ಟವೆಲ್ಲಿನಲ್ಲೇ ಮುಖ ಒರೆಸಿಕೊಂಡ.

ಬೆಳಗ್ಗೆ ಎದ್ದು ನೋಡಿದರೆ ನಡುನಡುವೆ ಕರೆಂಟು ಹೋಗಿ, ಚಾರ್ಜು ಮೂರರಲ್ಲೊಂದು ಪಾಲೂ ತುಂಬಿರಲಿಲ್ಲ. ಅಷ್ಟರಲ್ಲಿ ಕರೀಂ ಎಂಬುವವನು ಗೂಡ್ಸ್ ಗಾಡಿ ತಂದು ನಿಲ್ಲಿಸಿದ. ಬಾಲರಾಜು ಬಿಡಿಸಿಟ್ಟಿದ್ದ ರೇಷ್ಮೆಗೂಡನ್ನು ರಾಮನಗರದ ಗೂಡಿನ ಮಾರುಕಟ್ಟೆಗೆ ಒಯ್ಯಬೇಕಿತ್ತು. ಗೂಡಿನ ಚೀಲಗಳೆಲ್ಲ ಹುಳುವಿನ ಮನೆಯೊಳಗೆ. ಬಾಗಿಲಿಗೆ ಅಡ್ಡ ಕಾರು.

"ಸ್ವಲ್ಪ ಗಾಡಿ ತೆಗೀರಿ ಸಾರ್," ಅಂದ ಕರೀಂ.

ಕರೆಂಟು ಇರುವಾಗಲೇ ತೆಗೆದು, ಆಮೇಲೆ ಅದು ಮತ್ತೆ ಹೋದರೆ ಮನೆ ಸೇರುವುದು ಹೇಗೆ ಎಂದು ಕೆಂಪರಾಜುವಿಗೆ ದಿಗಿಲು. ಹಾಗೆಂದು ಬಾಯಿಬಿಟ್ಟು ಹೇಳುವುದುಂಟೇ? "ಮಧ್ಯದಲ್ಲಿ ಕಿತ್ರೆ ಬ್ಯಾಟರಿ ಆರೋಗ್ಯಕ್ಕೆ ಒಳ್ಳೇದಲ್ಲ ಕಣಪ್ಪ. ಒಂದರ್ಧ ಗಂಟೆ ತಡ್ಕೊ," ಎಂದು ಡಾಕ್ಟರ ಗತ್ತಿನಲ್ಲಿ ಹೇಳಿದ.

ಅರ್ಧ ಗಂಟೆ ಒಂದಾಯಿತು, ಎರಡಾಯಿತು. ಮೂರನೆಯದಕ್ಕೆ ಕರೀಂ ತಡೆಯಲಿಲ್ಲ. "ಹರಾಜಿನ ಹೊತ್ತಾಯ್ತು ಅಣ್ಣ. ಪಕ್ಕದೂರಲ್ಲಿ ಇನ್ನೊಬ್ರು ಕಾಯ್ತಾವ್ರೆ," ಎಂದು ಗಾಡಿ ತಿರುಗಿಸಿಕೊಂಡು ಹೋಗಿಯೇಬಿಟ್ಟ.

ಗೂಡು ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹಾರಿಹೋಗುತ್ತದೆ. ಆಮೇಲೆ ಅದನ್ನು ಯಾರೂ ಕೊಳ್ಳುವುದಿಲ್ಲ. ತಿಂಗಳ ದುಡಿಮೆ! ಬಾಲರಾಜು ಬೈಯಲಿಲ್ಲ. "ಬುಡು, ಬೇರೆ ಗಾಡಿ ನೋಡಾಣ," ಎಂದು ಫೋನ್ ತೆಗೆದ. ಒಬ್ಬರೂ ಸಿಗಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಕೆಂಪರಾಜುವಿಗೆ.

"ಅಣ್ಣ," ಅವನ ದನಿ ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು, "ನನ್ ಕಾರಿಗೆ ತುಂಬಿ."

ಪ್ಲಗ್ಗು ಕಿತ್ತು, ಕಾರನ್ನು ಬಾಗಿಲಿಂದ ಒಸಿ ಸರಿಸಿ ತುಂಬಿದರು! ಹಿಂದಿನ ಡಿಕ್ಕಿ ತುಂಬಿತು. ಕೆನೆಬಣ್ಣದ ಸೀಟಿನ ಮೇಲೆ ಗೋಣಿಚೀಲಗಳು ಕಾಲು ಚಾಚಿ ಕೂತವು. ಇನ್ನೂ ಎರಡು ಮಿಕ್ಕವು. ಕೆಂಪರಾಜು ಮುಂದಿನ ಬಾನೆಟ್ ಎತ್ತಿದ. ಬಾಲರಾಜು ಇಣುಕಿದವನೇ ಬೆಚ್ಚಿಬಿದ್ದ.

"ಲೋ ಕೆಂಪ್ರಾಜು! ಎಂಜಿನ್ನೇ ಇಲ್ವಲ್ಲೋ! ಯಾರೋ ಬಿಚ್ಕಂಡ್ ಹೋಗವ್ರೆ!"

"ಇದಕ್ಕೆ ಎಂಜಿನ್ ಇರಾದಿಲ್ಲ ಅಣ್ಣ. ಇದು ಜಾಗ."

"ಹಂಗಾ! ಹಂಗಾದ್ರೆ ಎರಡೂ ಹಿಡಿಸ್ತದೆ ಬುಡು."

ಹೊರಡುವ ಮುಂಚೆ ಬಾಲರಾಜು ಷರತ್ತು ಹಾಕಿದ. "ಒಳಗಡೆ ಜೀವ ಐತೆ, ಸೆಕೆ ಆಗ್‌ಕೂಡ್ದು. ಏಸಿ ಹಾಕು. ಕುಲುಕ್ಲೂ ಕೂಡ್ದು, ಮೆತ್ತಗ್ ಹೋಗು."

ಏಸಿ ತಣ್ಣಗೆ ಬೀಸಿತು. ಬಾಗಿಲಲ್ಲಿ ನಿಂತ ರಾಧಾಮಣಿ, "ಅಮ್ಮ, ನೋಡ್ದಾ? ನೆನ್ನೆ ನಮ್ಗಿಲ್ಲದ ಗಾಳಿ ಇವತ್ತು ಹುಳಕ್ಕೆ!" ಎಂದಳು. ಅತ್ತೆಗೂ ಹೆಂಡತಿಗೂ ಕಾರಿನಲ್ಲಿ ಜಾಗವಿರಲಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ. "ನಾವ್ ವಾರ ಬುಟ್ಟು ಬಸ್ಸಲ್ಲಿ ಬತ್ತೀವಿ ಅಳಿಮಯ್ಯ," ಎಂದರು ಬೋರಮ್ಮ.

ನಾಲ್ಕು ಸೆಕೆಂಡಿನ ಕಾರು ಮೂವತ್ತರ ವೇಗದಲ್ಲಿ ಹೊರಟಿತು. ಬಸ್ಸು ದಾಟಿತು, ಹಾಲಿನ ವ್ಯಾನು ದಾಟಿತು, ಹುಲ್ಲು ಹೊತ್ತ ಟಿವಿಎಸ್ಸೂ ದಾಟಿತು. ಹಳ್ಳ ಕಂಡಲ್ಲೆಲ್ಲ ಬಾಲರಾಜು "ಮೆತ್ತಗೆ, ಮೆತ್ತಗೆ" ಎನ್ನುತ್ತಿದ್ದ. ವಿಚಿತ್ರವೆಂದರೆ, ಹೀಗೆ ಓಡಿಸಿದಾಗ ಪರದೆಯ ಅಂಕಿ ಅಷ್ಟಾಗಿ ಇಳಿಯಲೇ ಇಲ್ಲ. ಇಳಿಜಾರಿನಲ್ಲಿ ಒಸಿ ಏರಿತು ಕೂಡ! ಕೊಂಡ ಮೇಲೆ ಮೊದಲ ಸಲ ಆ ಕಾರು ಶೋರೂಮಿನವರು ಹೇಳಿದ ಮಾತಿಗೆ ಹತ್ತಿರ ಬಂದಿತ್ತು.

ರಾಮನಗರದ ಮಾರುಕಟ್ಟೆಯ ಗೇಟಿನಲ್ಲಿ ಗೂಡ್ಸ್ ಗಾಡಿಗಳ ಸಾಲಿನ ನಡುವೆ ಮುತ್ತಿನ ಬಣ್ಣದ ಕಾರು ನಿಂತಿತು. ಜನ ಸುತ್ತುಗಟ್ಟಿದರು. ಕೆಂಪರಾಜು ಬಯಸಿದ್ದೂ ಇದನ್ನೇ. ಆದರೆ ಬಯಸುವಾಗ ತಲೆಯ ತುಂಬ ರೇಷ್ಮೆ ಎಳೆ ಅಂಟಿಸಿಕೊಂಡು, ಹೆಗಲ ಮೇಲೆ ಚೀಲ ಹೊತ್ತಿರಲಿಲ್ಲ.

ಮೊದಲ ಸುತ್ತಿನ ಹರಾಜು ತಪ್ಪಿತ್ತು, ಎರಡನೆಯ ಸುತ್ತಿನದು ಚೆನ್ನಾಗಿಯೇ ಆಯಿತು. ಮಾಗಡಿ ಕಡೆಯ ರೈತರೊಬ್ಬರು ಗೂಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ ಬಾಲರಾಜುವಿಗೆ, "ಒಂದೂ ಜಜ್ಜಿಲ್ವಲ್ಲಪ್ಪ! ತಣ್ಣಗ್ ಬಂದೈತೆ. ಎಲ್ಲಿ ಹಿಡಿದ್ರಿ ಈ ಗಾಡಿಯ?" ಎಂದರು. ಆಮೇಲೆ ಕೆಂಪರಾಜುವಿನ ಕಡೆ ತಿರುಗಿ, "ಡ್ರೈವರಣ್ಣ, ಮುಂದಿನ್ ಬೆಳೆಗೆ ನಮ್ಗೂ ಬೇಕು. ನಂಬರ್ ಕೊಡು," ಎಂದರು.

ಕೆಂಪರಾಜು ಷಡ್ಡಕನ ಮುಖ ನೋಡಿದ. ಇವನು ಡ್ರೈವರಲ್ಲ, ಕಲ್ಯಾಣ ಮಂಟಪದ ಮಾಲೀಕ ಅಂತ ಒಂದು ಮಾತು ಅವನ ಬಾಯಿಂದ ಬಂದರೆ ಸಾಕಾಗಿತ್ತು.

ಬಾಲರಾಜು ಮೊಣಕೈಯಲ್ಲಿ ತಿವಿದು ಕಿವಿಯಲ್ಲಿ ಹೇಳಿದ: "ಕೊಡ್ಲಾ. ಒಳ್ಳೆ ಪಾರ್ಟಿ."

ಕೆಂಪರಾಜು ನಂಬರ್ ಹೇಳಿದ. ರೈತರು ಅದನ್ನು ಫೋನಿನಲ್ಲಿ ಒತ್ತಿಕೊಂಡು, "ಡೀಸೆಲ್ ನಮ್ದಾ, ನಿಮ್ದಾ?" ಎಂದು ಕೇಳಿದರು.

"ಡೀಸೆಲ್ ಬ್ಯಾಡ ಯಜಮಾನ್ರೇ," ಕೆಂಪರಾಜು ಗೋಣಿಚೀಲ ಕೊಡವಿ ಮಡಚುತ್ತ ವಿನಯದಿಂದ ಕೇಳಿದ, "ನಿಮ್ಮನೇಲಿ ಹದಿನೈದು ಆಂಪ್ಸ್ ಪ್ಲಗ್ ಐತಾ?"