ಆಲ್ದೂರಿಗೆ ಬಂದ ರೈಲು

"ಇಷ್ಟು ವರ್ಷ ಯಾರ ಕೈಲೂ ಆಗದ್ದು! ಇವತ್ತು ನಾಲ್ಕು ಗಂಟೆಗೆ ಆಲ್ದೂರಿಗೆ ರೈಲು ತರೋನು ನಾನೇ!"

ಭಾನುವಾರ ಬೆಳಿಗ್ಗೆ ರಜಬ್ ಅಲಿ ಸಾಹೇಬರು ಜಗಲಿಯಲ್ಲಿ ನಿಂತು ಘೋಷಿಸಿದರು. ಸಭಿಕರೆಂದರೆ ಹೆಂಡತಿ ಅನ್ವರಿ ಒಬ್ಬರೇ. ಅವರ ಕೈಯಲ್ಲಿ ಪೊರಕೆ ಇದ್ದುದರಿಂದ ಚಪ್ಪಾಳೆ ಬೀಳಲಿಲ್ಲ.

ರೈಲು ಆಟಿಕೆಯದು. ಏಳನೇ ಕ್ಲಾಸಿನಲ್ಲಿ ಅನ್ವರಿ ಶಾಲೆಗೇ ಮೊದಲು ಬಂದಾಗ ಅವರ ಅಪ್ಪ ಕೊಡಿಸಿದ್ದು. ಮದುವೆಯ ನಂತರ ಅಟ್ಟ ಸೇರಿತ್ತು. ಇಂಜಿನ್ನಿಗೆ ಅನ್ವರಿ ವರ್ಷಕ್ಕೊಮ್ಮೆ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಹಳಿಗಳು ಮಾತ್ರ ಮೂವತ್ತೈದು ಮಳೆಗಾಲ ಕುಡಿದು ತುಕ್ಕು ಹಿಡಿದಿದ್ದವು. ಮೊಮ್ಮಗಳು ಜಿಕ್ರಾಳಿಗೆ ಇಂದು ಏಳು ತುಂಬುತ್ತದೆ. "ದಾದಿಮಾನ ರೈಲು ಓಡಿಸಿ ತೋರಿಸ್ತೀನಿ" ಎಂದು ಸಾಹೇಬರು ಫೋನಿನಲ್ಲಿ ಮಾತು ಕೊಟ್ಟಾಗಿತ್ತು.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಗಳ ರಿಪೇರಿಯಲ್ಲಿ ಸಾಹೇಬರ ಹೆಸರು ಗೋಣಿಬೀಡಿನ ತನಕ ಇದೆ. ಅವರ ನೆರಳು ಕಂಡರೇ ತುಕ್ಕು ಉದುರಬೇಕು!

"ನೀನು ಕೈ ಹಾಕ್ಬೇಡ. ಎಲ್ಲ ನಾನೇ ಮಾಡ್ಕೊಳ್ತೀನಿ."

ಆಮೇಲೆ ಶುರುವಾಯಿತು. "ಅನ್ವರಿ, ಬಿಸಿನೀರು!" "ಅನ್ವರಿ, ಹುಣಸೆಹಣ್ಣು!" "ಅನ್ವರಿ, ನೆನೆಹಾಕಕ್ಕೆ ಅಗಲದ ಪಾತ್ರೆ!" ಎಲ್ಲ ತಾನೇ ಮಾಡಿಕೊಳ್ಳುವ ಗಂಡನಿಗಾಗಿ ಒಲೆಗೂ ಜಗಲಿಗೂ ಓಡಾಡಿದ್ದನ್ನು ನೆಟ್ಟಗೆ ನಡೆದಿದ್ದರೆ ಅನ್ವರಿ ಅಷ್ಟು ಹೊತ್ತಿಗೆ ಕಳಸ ಮುಟ್ಟಿರುತ್ತಿದ್ದರು.

ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆ ಹಳಿಗಳು ಬೆಳ್ಳಿಯಂತೆ ಹೊಳೆದವು. ಅಷ್ಟಕ್ಕೇ ಬಿಟ್ಟಿದ್ದರೆ ಸಾಹೇಬರು ಗೆದ್ದಿದ್ದರು. ಬಿಡಲಿಲ್ಲ. ರೆಡ್ ಆಕ್ಸೈಡ್ ಬಣ್ಣದ ಡಬ್ಬ ತೆರೆದರು.

ಟೀ ತಂದ ಅನ್ವರಿ ಗಾಬರಿಯಾದರು. "ಅಯ್ಯೋ, ಬಣ್ಣ ಯಾಕ್ರೀ? ಅದು ಓಡೋದೇ..."

"ಟೀ ಇಟ್ಟು ಹೋಗು ಮಾರಾಯ್ತಿ! ನಮ್ಮ ಮಳೇಲಿ ಕಬ್ಬಿಣ ಬರಿಮೈಲಿ ಬಿಟ್ರೆ ಉಳಿಯುತ್ತಾ? ಗೇಟಿಗೆ ಹಚ್ಚಲ್ವಾ? ಪಲ್ಪರಿಗೆ ಹಚ್ಚಲ್ವಾ?"

ಅನ್ವರಿ ಟೀ ಇಟ್ಟು ಹೋದರು. ಸಾಹೇಬರು ಎರಡು ಕೋಟು ಬಳಿದು, ಕೈಯನ್ನು ಕುರ್ಚಿಯ ಮೇಲಿದ್ದ ಯಾವುದೋ ಬಟ್ಟೆಗೆ ಒರೆಸಿಕೊಂಡರು.

ನಾಲ್ಕು ಗಂಟೆ. ಹೊಸ ಫ್ರಾಕು ತೊಟ್ಟು ಬಂದ ಜಿಕ್ರಾ ಹಳಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಸಾಹೇಬರು ಇಂಜಿನ್ ಇಟ್ಟು, ಹಿಂದೆ ಡಬ್ಬಿಗಳನ್ನು ಸಿಕ್ಕಿಸಿ, "ದಾರಿ ಬಿಡಿ!" ಎಂದು ಗರ್ಜಿಸಿ ಸ್ವಿಚ್ ಒತ್ತಿದರು.

ಏನೂ ಆಗಲಿಲ್ಲ.

ಕರೆಂಟು ಹೋಯಿತೇ? ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಸಾಹೇಬರು ಸ್ವಿಚ್ಚನ್ನು ಇನ್ನೊಮ್ಮೆ ಒತ್ತಿದರು.

"ದಾದಾ, ರೈಲು ಸತ್ತೋಯ್ತಾ?" ಜಿಕ್ರಾ ಇಂಜಿನ್ನನ್ನು ಬೆರಳಲ್ಲಿ ತಟ್ಟಿ ನೋಡಿದಳು.

"ಸತ್ತಿಲ್ಲ ಮಗಾ," ಎಂದರು ಅನ್ವರಿ. "ಇದಕ್ಕೆ ಕರೆಂಟು ಬರೋದೇ ಹಳಿಯಿಂದ. ಚಕ್ರ ಕಬ್ಬಿಣಕ್ಕೆ ತಾಗ್ಬೇಕು. ನಿನ್ನ ದಾದಾ ನಡುವೆ ಬಣ್ಣದ ಗೋಡೆ ಕಟ್ಟಿದಾರೆ."

ಸಾಹೇಬರಿಗೆ ಸಿಡಿಲು ಬಡಿದಂತಾಯಿತು! "ಮೊದಲೇ ಹೇಳಕ್ಕೇನಾಗಿತ್ತು ನಿಂಗೆ?"

"ಹೇಳಕ್ಕೆ ಬಂದೆ. ಟೀ ಇಟ್ಟು ಹೋಗು ಅಂದ್ರಿ."

ಅನ್ವರಿ ಸೆರಗು ಸಿಕ್ಕಿಸಿ ಕೂತರು. "ರೀ, ಥಿನ್ನರ್!" "ರೀ, ಜಿಕ್ರಾನ ಪೆನ್ಸಿಲ್ ರಬ್ಬರ್!" "ರೀ, ಒಂದು ಹಳೇ ಬಟ್ಟೆ!" ಸಾಹೇಬರು ಓಡಿದರು. ಕುರ್ಚಿಯ ಮೇಲಿದ್ದ ಬಟ್ಟೆಯನ್ನೇ ತಂದರು.

ಅನ್ವರಿ ಅದನ್ನು ಬಿಡಿಸಿ ಹಿಡಿದರು. ಕಾಲರ್ ಇತ್ತು. ಗುಂಡಿಗಳಿದ್ದವು. ಎದೆಯ ಮೇಲೆ ಐದು ಕೆಂಪು ಬೆರಳು!

"ಇದು ನಿಮ್ಮ ಹೊಸ ಬಿಳಿ ಅಂಗಿ. ಕೇಕ್ ಕತ್ತರಿಸೋವಾಗ ಹಾಕ್ಕೊಳ್ಳಿ ಅಂತ ಇಸ್ತ್ರಿ ಮಾಡಿ ಇಟ್ಟಿದ್ದೆ."

ಸಾಹೇಬರು ಬೆಚ್ಚಿಬಿದ್ದರು. ಮೂವತ್ತೈದು ವರ್ಷ ಅಂಗಿ ತಾನಾಗಿ ಒಗೆದುಕೊಂಡು, ತಾನಾಗಿ ಮಡಚಿಕೊಂಡು ಕೈಗೆ ಬಂದಿತ್ತು. ಕುರ್ಚಿಯ ಮೇಲೆ ಕಂಡರೆ ಗುರುತು ಹತ್ತುವುದಾದರೂ ಹೇಗೆ?

ಅನ್ವರಿ ತಮ್ಮ ಹಳೇ ದುಪಟ್ಟಾ ತಂದು ಬಣ್ಣ ತೆಗೆದರು, ಹಳಿಯ ನೆತ್ತಿಯನ್ನು ರಬ್ಬರಿನಿಂದ ಉಜ್ಜಿದರು, ಸ್ವಿಚ್ ಒತ್ತಿದರು. ಇಂಜಿನ್ ಒಮ್ಮೆ ಕೆಮ್ಮಿ, ಹೊರಟೇಬಿಟ್ಟಿತು! ಜಿಕ್ರಾ ಕಿರುಚಿ ಕುಣಿದಳು. ರೈಲು ಎರಡು ಸುತ್ತು ಹಾಕಿ, ಅನ್ವರಿ ಸ್ವಿಚ್ ಆರಿಸಿದಾಗ ಸಾಹೇಬರ ಕಾಲಬುಡಕ್ಕೆ ಬಂದು ನಿಂತಿತು.

"ದಾದಾ, ನಿಮ್ಗೆ ಗೂಡ್ಸ್ ಬಂದಿದೆ!"

ಹಿಂದಿನ ಡಬ್ಬಿಯಲ್ಲಿ ಅನ್ವರಿ ಇಟ್ಟ ಬಟ್ಟೆ ಸೋಪಿನ ತುಂಡು. ಸಾಹೇಬರು ಅದನ್ನೂ ಅಂಗಿಯನ್ನೂ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ತನಕ ಹೋದವರು ಹಾಗೇ ಹಿಂದಿರುಗಿದರು.

"ಅನ್ವರಿ... ಮೊದಲು ನೀರಾ, ಸೋಪಾ?"

ರೈಲಿನಿಂದ ಕಣ್ಣು ತೆಗೆಯದೆ ಅನ್ವರಿ ಹೇಳಿದರು: "ಹೇಳ್ತೀನಿ. ಮೊದಲು ಟೀ ಇಟ್ಟು ಹೋಗಿ."