ಕಡ್ಲೆಬೀಜದ ಇಂಗ್ಲಿಷು

ಇಂಥವು ಸ್ಕೂಲುಗಳಲ್ಲಿ ನಡೆಯುತ್ತಲೇ ಇರುತ್ತವೆ, ಬರೆದಿಡುವವರು ಕಡಮೆ. ಇವನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ, ಕೊಡಿಗೇನಹಳ್ಳಿಯ ಮಗ್ಗುಲ ಹಳ್ಳಿಯೊಂದರ ಮೇಷ್ಟ್ರು. ಶಿವಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಹೇಳುತ್ತಿದ್ದರಾದ್ದರಿಂದ ಸುಳ್ಳಿರಲಾರದು.

ಖರ್ಚಿಲ್ಲದ ವಿದ್ಯೆ

ಒಂದು ದಿನ ಮೇಲಿನಿಂದ ಹುಕುಂ ಬಂತು, ಇಂಗ್ಲಿಷಿನಲ್ಲಿ. ಮಾವನ ಇಂಗ್ಲಿಷು ಸಣ್ಣ ಪದಗಳವರೆಗೆ ಮಾತ್ರ. ಹುಕುಮಿನಲ್ಲಿ ಸಣ್ಣ ಪದವೇ ಇರಲಿಲ್ಲ. ಮಧುಗಿರಿಗೆ ನಡೆದು ಹೋಗಿ ಅಮಲ್ದಾರರ ಕಚೇರಿಯ ಗುಮಾಸ್ತರಿಂದ ಓದಿಸಿದರು.

"ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಓದೋದು ಕಲಿಸಬೇಕಂತೆ. ಪುಸ್ತಕ ಕೊಡೋದಿಲ್ಲವಂತೆ. ಊರಲ್ಲಿ ಸಿಗೋ ಸಾಮಾನಿನಲ್ಲೇ ಕಲಿಸಬೇಕು. ಮೂರು ತಿಂಗಳಿಗೆ ಇನ್ಸ್‌ಪೆಕ್ಟರು ಬರ್ತಾರೆ. ಮಕ್ಕಳು ಓದದಿದ್ದರೆ ನಿಮಗೆ ಪಾವಗಡದ ಆಚೆ ವರ್ಗ," ಎಂದರು ಗುಮಾಸ್ತರು.

ಪಾವಗಡದ ಆಚೆ ಎಂದರೆ ಬರೀ ತೆಲುಗು. ಮಾವನಿಗೆ ತೆಲುಗಿನಲ್ಲಿ ಕುಡಿಯಲು ನೀರು ಕೇಳುವುದಕ್ಕೂ ಬಾರದು.

"ನಮ್ಮೂರಲ್ಲಿ ಸಿಗೋದು ಕಡ್ಲೆಕಾಯಿ ಸ್ವಾಮಿ."

"ಅದರಲ್ಲೇ ಕಲಿಸಿ. ಪುಸ್ತಕ ಕೊಟ್ಟ ಕಡೆ ಏನು ಭಾರಿ ಕಲಿತುಬಿಟ್ಟಿದಾರೆ?"

ಸೋಮವಾರದ ಆಪಲ್

ಇಂಗ್ಲಿಷಿನ ಮೊದಲಕ್ಷರಕ್ಕೆ ಆಪಲ್ ಹಣ್ಣು ತೋರಿಸುವುದು ರೂಢಿ. ಊರಲ್ಲಿ ಅದನ್ನು ಯಾರೂ ಕಂಡಿರಲಿಲ್ಲ, ಮಾವನೂ ಸೇರಿ. ಗುಂಡಗೆ, ಕೆಂಪಗೆ, ಮೇಲೊಂದು ತೊಟ್ಟು ಎಂದು ಕೇಳಿದ್ದರು, ಅಷ್ಟೆ. ಕೆಮ್ಮಣ್ಣು ಕಲಸಿ ಗೋಡೆಯ ಮೇಲೆ ಬರೆದರು. ಈರುಳ್ಳಿಗೆ ಇಂಗ್ಲಿಷಿನಲ್ಲಿ ಆಪಲ್ ಎನ್ನುತ್ತಾರೆಂದು ತಿಳಿದು ಮಕ್ಕಳು ಮನೆಗೆ ಹೋದವು.

ಮಾರನೆಯ ದಿನ ಒಬ್ಬ ತಾಯಿ ಬಂದಳು. "ಮೇಷ್ಟ್ರೇ, ನನ್ ಮಗ ಆಪಲ್ ಹೆಚ್ಚಾಕಿ ಒಗ್ಗರಣೆ ಕೊಡು ಅಂತಾನೆ. ನಮ್ಮನೇಲಿ ಸೋಮವಾರ ಈರುಳ್ಳಿ ಮುಟ್ಟಾಕಿಲ್ಲ. ಇಂಗ್ಲಿಷ್‌ನಾಗೆ ಅಂದ್ರೆ ದೋಸ ಬರಾಕಿಲ್ವಾ?"

ಮಾವ ತಮ್ಮ ಚಿತ್ರವನ್ನು ಇನ್ನೊಮ್ಮೆ ನೋಡಿದರು. ತಪ್ಪೊಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ. "ಸೋಮವಾರ ಆಪಲ್ ಬೇಡ ಕಣಮ್ಮ. ಮಂಗಳವಾರದಿಂದ ಹಾಕು," ಎಂದರು.

ಇನ್ಸ್‌ಪೆಕ್ಟರು ಬಂದದ್ದು

ಮುಂದಿನ ಅಕ್ಷರಗಳನ್ನೆಲ್ಲ ಮಾವ ಚಾಪೆಯ ಮೇಲೆ ಕಡ್ಲೆಬೀಜ ಜೋಡಿಸಿ ಕಲಿಸಿದರು. ಹುಳು ಹಿಡಿಯದಿರಲೆಂದು ಬೀಜಗಳನ್ನು ಹುರಿದು ಡಬ್ಬದಲ್ಲಿ ಇಟ್ಟಿದ್ದರು. "ಇವು ಸಾಕ್ಷಾತ್ ಸರಸ್ವತಿ, ತಿಂದವರ ನಾಲಿಗೆ ಬಿದ್ದುಹೋಗುತ್ತದೆ," ಎಂದು ಹೆದರಿಸಿದ್ದರಿಂದ ಮೂರು ತಿಂಗಳು ಒಂದು ಬೀಜವೂ ಕಡಮೆಯಾಗಲಿಲ್ಲ.

ಇನ್ಸ್‌ಪೆಕ್ಟರು ಟೊಪ್ಪಿ ತೆಗೆದು ಕುರ್ಚಿಯಲ್ಲಿ ಕೂತರು. ಊರಿನ ಮಳೆ ಬೆಳೆ ವಿಚಾರಿಸುತ್ತ, ಡಬ್ಬಕ್ಕೆ ಕೈಹಾಕಿ ಒಂದು ಹಿಡಿ ಬೀಜ ಬಾಯಿಗೆ ಹಾಕಿಕೊಂಡರು. ಮಕ್ಕಳೆಲ್ಲ ಅವರ ನಾಲಿಗೆಯನ್ನೇ ನೋಡಿದವು. ಅದು ಬೀಳಲಿಲ್ಲ.

ಆಮೇಲೆ ಇನ್ಸ್‌ಪೆಕ್ಟರೇ ಚಾಪೆಯ ಮೇಲೆ ಬೀಜಗಳಿಂದ ಟಿ, ಐ, ಎನ್ ಎಂದು ದಪ್ಪ ದಪ್ಪಗೆ ಜೋಡಿಸಿ, "ಓದಿ ನೋಡೋಣ," ಎಂದರು.

"ತಿನ್," ಎಂದಳು ಮುಂದೆ ಕೂತಿದ್ದ ಹುಡುಗಿ. ಅಷ್ಟೂ ಮಕ್ಕಳ ಕೈ ಮುಂದೆ ಬಂತು. ಕಣ್ಣು ಮಿಟುಕಿಸುವುದರಲ್ಲಿ ಚಾಪೆ ಖಾಲಿ.

"ಯಾಕೆ ತಿಂದಿರಿ?"

"ನೀವೇ ತಿನ್ ಅಂತ ಬರುದ್ರಲ್ಲ ಸ್ವಾಮಿ," ಎಂದಳು ಹುಡುಗಿ.

"ಅದು ತಿನ್ ಅಲ್ಲ, ಟಿನ್. ಹಾಗೆಂದರೆ ಡಬ್ಬ."

"ಬಿಳಿ ದೊರೆಗಳಿಗೆ ತ ಅನ್ನಾಕೆ ನಾಲಿಗೆ ತಿರುಗಾಕಿಲ್ಲ ಸ್ವಾಮಿ. ತುಮಕೂರ್ನೂ ಟುಮಕೂರು ಅಂತಾರೆ. ನಾವೇ ತಿಳ್ಕೋಬೇಕು," ಎಂದಳು ಹುಡುಗಿ.

ಮಾವನ ಕಣ್ಣಿಗೆ ಪಾವಗಡ ಕಟ್ಟಿತು. ಇನ್ಸ್‌ಪೆಕ್ಟರು ಪೆನ್ಸಿಲ್ ತೆಗೆದು, "ಪಾಠದ ಸಾಮಾನನ್ನೇ ತಿಂದುಹಾಕಿದ್ದೀರಿ. ಇದನ್ನು ಬರೆಯುತ್ತೇನೆ," ಎಂದರು.

"ನೀವೂ ತಿಂದ್ರಲ್ಲ ಸ್ವಾಮಿ," ಎಂದಳು ಹುಡುಗಿ. "ನಾವು ಓದ್ಬುಟ್ಟು ತಿಂದ್ವಿ. ನೀವು ಓದ್ದೇನೇ ತಿಂದ್ಬುಟ್ರಿ."

ಇನ್ಸ್‌ಪೆಕ್ಟರು ಮೀಸೆಯಲ್ಲಿದ್ದ ಸಿಪ್ಪೆ ಕೊಡವಿಕೊಂಡು ಹೀಗೆ ಬರೆದರು: "ಮಕ್ಕಳು ಓದುತ್ತಾರೆ, ಓದಿದಂತೆ ನಡೆದುಕೊಳ್ಳುತ್ತಾರೆ. ಪಾಠದ ಸಾಮಾನು ಪೂರ್ತಿ ಉಪಯೋಗವಾಗಿದೆ. ಮೇಷ್ಟ್ರನ್ನು ಇಲ್ಲೇ ಇರಿಸತಕ್ಕದ್ದು."

ಓದಿದವರು ಇದನ್ನು ನಾಲ್ಕು ಜನಕ್ಕೆ ಹೇಳಬೇಕೆಂದು ಪ್ರಾರ್ಥನೆ. ಕೇಳುವವರಲ್ಲಿ ಇನ್ಸ್‌ಪೆಕ್ಟರುಗಳಿದ್ದರೆ ಸ್ವಲ್ಪ ಗಟ್ಟಿಯಾಗಿ ಹೇಳಿ.